ಚಂದ್ರ, ನೆರಳು ಮತ್ತು ಲಿ ಬೈ

ಮೊನ್ನೆ ಗೆಳೆಯರೊಬ್ಬರು ನಗುತ್ತಾ ಅಂದರು: "ಚಂದ್ರನ ಜೊತೆ ಮಾತಾಡೋದು, ಬೆಟ್ಟದ ಜೊತೆ ಸ್ನೇಹ ಮಾಡೋದು... ಹಳೇ ಚೀನೀ ಕವಿಗಳಿಗೆ ಅದೊಂದು ಚಟ. ಮೇಷ್ಟ್ರು ಮಾನವೀಕರಣ ಅಂತ ಹೇಳಿಕೊಡ್ತಿದ್ದರಲ್ಲ, ಅದೇ." ನಾನು ಒಪ್ಪಲಿಲ್ಲ. ಅದು ಬರೀ ಅಲಂಕಾರ ಅಲ್ಲ ಅನ್ನೋದು ನನ್ನ ವಾದ.

ಟಾಂಗ್ ಕಾಲದ ಲಿ ಬೈಯನ್ನೇ (701–762) ತೆಗೆದುಕೊಳ್ಳಿ. 742ರಲ್ಲಿ ಅವನಿಗೆ ರಾಜಧಾನಿ ಛಾಂಗಾನ್‌ನ ಆಸ್ಥಾನದಿಂದ ಕರೆ ಬಂತು. 744ರಲ್ಲಿ ಅಲ್ಲಿಂದ ಹೊರಬಿದ್ದ. ಅಂದಿನ ಜಗತ್ತಿನ ಅತಿ ದೊಡ್ಡ ನಗರಗಳಲ್ಲಿ ಅದೂ ಒಂದು. ಬೆಳದಿಂಗಳಲ್ಲಿ ಒಬ್ಬನೇ ಕುಡಿಯುವ ಅವನ ಪ್ರಸಿದ್ಧ ಕವಿತೆ ಆ ದಿನಗಳದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದರಲ್ಲಿ ಚಂದ್ರನನ್ನೂ ತನ್ನ ನೆರಳನ್ನೂ ಸೇರಿಸಿಕೊಂಡು ಮೂವರ ಕೂಟ ಕಟ್ಟುತ್ತಾನೆ. ಎಲ್ಲರೂ ನೆನಪಿಟ್ಟುಕೊಳ್ಳೋದು ಇಷ್ಟನ್ನೇ. ಆದರೆ ಚಂದ್ರನಿಗೆ ಕುಡಿಯೋಕೆ ಬರೋಲ್ಲ, ನೆರಳು ಸುಮ್ಮನೆ ಹಿಂದೆ ಬರುತ್ತೆ ಅಂತ ಕೂಡಲೇ ಒಪ್ಪಿಕೊಳ್ಳುವವನೂ ಅವನೇ. ಲೆಕ್ಕ ಅವನಿಗೆ ಗೊತ್ತು. ಮೂರು ಅಂತ ಎಣಿಸಿದಾಗಲೇ ಅಲ್ಲವೇ, ಇರೋದು ಒಬ್ಬನೇ ಅನ್ನೋದು ಚುಚ್ಚೋದು?

ಇಂದಿನ ಆನ್‌ಹುಯಿ ಪ್ರಾಂತ್ಯದ ಜಿಂಗ್‌ಟಿಂಗ್ ಬೆಟ್ಟದ ಮೇಲೆ ಅವನು ಬರೆದ ನಾಲ್ಕೇ ಸಾಲಿನ ಕವಿತೆ ನೋಡಿ. ಹಕ್ಕಿಗಳು ಹೋದವು, ಮೋಡವೂ ಹೋಯಿತು. ಉಳಿದವರಿಬ್ಬರು, ಅವನು ಮತ್ತು ಬೆಟ್ಟ. ಅಲ್ಲಿ ಅವನೊಬ್ಬನೇ ಬೆಟ್ಟವನ್ನು ನೋಡೋದಲ್ಲ. ಬೆಟ್ಟವೂ ಅವನನ್ನು ನೋಡುತ್ತೆ. ಆದರೂ ಈ ಎರಡೂ ಕವಿತೆಗಳ ಶೀರ್ಷಿಕೆಯಲ್ಲೇ 'ಡು' ಅನ್ನೋ ಅಕ್ಷರ ಇದೆ. ಅರ್ಥ, ಒಂಟಿಯಾಗಿ. ಜೊತೆಗಾರರನ್ನು ಕರೆಯೋಕೆ ಮೊದಲೇ ನಿಜ ಹೇಳಿಬಿಟ್ಟಿದ್ದಾನೆ!

ಡು ಮು (803–852) ಇನ್ನೊಂದು ದಾರಿ ಹಿಡಿದ. ಬೀಳ್ಕೊಡುಗೆಯ ರಾತ್ರಿ, ಇಬ್ಬರಿಗೂ ನಗೋಕೆ ಆಗುತ್ತಿಲ್ಲ. ಅವರ ಬದಲಿಗೆ ಮೇಣದಬತ್ತಿ ಬೆಳಗಿನ ತನಕ ಅಳುತ್ತೆ. ಚೀನೀ ಭಾಷೆಯಲ್ಲಿ ಹೃದಯಕ್ಕೂ ಬತ್ತಿಯ ಎಳೆಗೂ 'ಶಿನ್' ಅನ್ನೋ ಒಂದೇ ಸದ್ದು. ಹಾಗಾಗಿ ಆ ಮೇಣದಬತ್ತಿಗೆ ಮನಸ್ಸು ಇರೋದು ಸುಳ್ಳಲ್ಲ.

ಊರು ಬಿಟ್ಟು ದಶಕಗಳಾದ ಮೇಲೆ ನನಗೆ ಈ ಕವಿತೆಗಳು ಹತ್ತಿರವಾಗಿದ್ದು ಇದಕ್ಕೇ. ಇವು ಒಂಟಿತನಕ್ಕೆ ಮದ್ದು ಕೊಡೋಲ್ಲ, ಅದನ್ನು ಮುಚ್ಚಿಡೋದೂ ಇಲ್ಲ. ಪಕ್ಕದಲ್ಲೊಂದು ಜಾಗ ಮಾಡಿ, ಇನ್ನೊಂದು ಬಟ್ಟಲು ಇಡುತ್ತವೆ, ಅಷ್ಟೆ.

ಬಾಲ್ಕನಿಯ ತುಳಸಿಗೆ ನೀರು ಹಾಕುತ್ತಾ ಕನ್ನಡದಲ್ಲಿ ನಾಲ್ಕು ಮಾತಾಡುವವರನ್ನು ನೋಡಿ ಇನ್ನು ನಗಬೇಡಿ. ಅವರಿಗೂ ಲೆಕ್ಕ ಗೊತ್ತಿರುತ್ತೆ.