ಕೆಂಪು ಇಟ್ಟಿಗೆಯ ಮನೆಗೂ ನಮಗೂ ಏನು ಸಂಬಂಧ?

ಕಳೆದ ಯುಗಾದಿ ಸಮಾರಂಭದ ಊಟದ ಹೊತ್ತಿನಲ್ಲಿ ನಮ್ಮಲ್ಲಿ ಕೆಲವರ ಕೈಗೆ ಒಂದು ಆಕ್ಷೇಪಣಾ ಪತ್ರ ಬಂದಿತು. ಸಿಡ್ನಿಯ ಪಶ್ಚಿಮದ ಬಡಾವಣೆಯೊಂದರಲ್ಲಿ ನೂರು ವರ್ಷ ದಾಟಿದ ಕೆಂಪು ಇಟ್ಟಿಗೆಯ ಮನೆಯೊಂದನ್ನು ಕೌನ್ಸಿಲ್ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಲು ಹೊರಟಿದೆ. ಅದನ್ನು ವಿರೋಧಿಸಿ ಸಹಿ ಮಾಡಿರೆಂಬುದು ಪತ್ರದ ಕೋರಿಕೆ. ಮನೆಯನ್ನು ಕೊಂಡವರು ನಮ್ಮವರೇ. ಅದನ್ನು ಕೆಡವಿ, ಜೋಡಿ ಮನೆ ಕಟ್ಟಿ, ಒಂದರಲ್ಲಿ ತಂದೆತಾಯಿಯರನ್ನು ಇರಿಸಿಕೊಳ್ಳಬೇಕೆಂಬ ಆಸೆ ಅವರದು. ಆ ಆಸೆ ನ್ಯಾಯವಾದುದೇ. ಆದರೂ ನಾವು ಸಹಿ ಮಾಡಲಿಲ್ಲ. ಕಾರಣವನ್ನು ಸದಸ್ಯರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಈ ಬಗೆಯ ಮನೆಗಳನ್ನು ಇಲ್ಲಿ ಫೆಡರೇಶನ್ ಶೈಲಿಯವೆಂದು ಕರೆಯುತ್ತಾರೆ. 1901ರಲ್ಲಿ ಆಸ್ಟ್ರೇಲಿಯದ ವಸಾಹತುಗಳು ಒಂದು ಒಕ್ಕೂಟವಾದುದರಿಂದ ಬಂದ ಹೆಸರದು. ಕೆಂಪು ಇಟ್ಟಿಗೆಯ ಗೋಡೆ, ಹೆಂಚಿನ ಎತ್ತರದ ಮಾಡು, ಮರದ ಕುಸುರಿಯ ಜಗುಲಿ, ಬಣ್ಣದ ಗಾಜಿನ ಕಿಟಕಿ ಇವು ಅದರ ಗುರುತುಗಳು. 1900ರಲ್ಲಿ ಸಿಡ್ನಿಯನ್ನು ಪ್ಲೇಗು ಕಾಡಿತು. ಇಕ್ಕಟ್ಟಾದ ಓಣಿಗಳ ಬಗ್ಗೆ ಜನರಲ್ಲಿ ಭಯ ಹುಟ್ಟಿತು. ಮರುವರ್ಷವೇ ರಿಚರ್ಡ್ ಸ್ಟಾಂಟನ್ ಎಂಬವರು ಹ್ಯಾಬರ್‌ಫೀಲ್ಡ್ ಬಡಾವಣೆಯನ್ನು ಆರಂಭಿಸಿದರು: ಓಣಿಗಳಿಲ್ಲ, ಮದ್ಯದಂಗಡಿಯಿಲ್ಲ, ಪ್ರತಿ ಮನೆಗೂ ಕೈತೋಟ. ಇದನ್ನು ಓದುವಾಗ ಬೆಂಗಳೂರಿನವರಿಗೆ ಬೇರೊಂದು ನೆನಪು ಬಾರದಿರದು. 1898ರ ಪ್ಲೇಗಿನ ಬಳಿಕ ಬೆಳೆದ ಮಲ್ಲೇಶ್ವರ, ಬಸವನಗುಡಿಗಳ ಹಿಂದೆಯೂ ಇದೇ ಭಯ, ಗಾಳಿ ಬೆಳಕಿನ ಇದೇ ಹಂಬಲ ಇದ್ದವು.

ಮಾಡಿನ ಹೆಂಚನ್ನೂ ನೋಡಿ. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹೆಂಚು ಮೊದಮೊದಲು ಫ್ರಾನ್ಸಿನ ಮಾರ್ಸೇಲ್ಸ್‌ನಿಂದ ಹಡಗಿನಲ್ಲಿ ಬರುತ್ತಿತ್ತು. 1865ರಿಂದ ಬಾಸೆಲ್ ಮಿಶನ್ನಿನವರು ತಯಾರಿಸಿದ ನಮ್ಮ ಮಂಗಳೂರು ಹೆಂಚು ಅದರ ಹತ್ತಿರದ ಬಂಧು. ಗೋಡೆಯ ಇಟ್ಟಿಗೆಗಾದರೋ ಈ ನೆಲದ್ದೇ ಮಣ್ಣು. ವಾರಾಂತ್ಯದಲ್ಲಿ ನಾವು ಮಕ್ಕಳೊಡನೆ ಸುತ್ತಾಡುವ ಒಲಿಂಪಿಕ್ ಪಾರ್ಕಿನ ಆಳವಾದ ಗುಂಡಿ 1911ರಲ್ಲಿ ತೆರೆದ ಸರ್ಕಾರಿ ಇಟ್ಟಿಗೆ ಕಾರ್ಖಾನೆಯದು. ಈಗ ಅದು ಅಪರೂಪದ ಹಸಿರು ಕಪ್ಪೆಗಳ ನೆಲೆ.

ಅಂಥ ಇಟ್ಟಿಗೆಗಳನ್ನು ಸುಣ್ಣದ ಗಾರೆಯಿಂದ ಕಟ್ಟಿದ್ದಾರೆ. ಸುಣ್ಣ ಮೆದು, ಗೋಡೆಯ ತೇವ ಅದರ ಮೂಲಕ ಹೊರಹೋಗುತ್ತದೆ. ರಿಪೇರಿಯ ಹೆಸರಿನಲ್ಲಿ ಸಿಮೆಂಟು ಮೆತ್ತಿದರೆ ತೇವ ಇಟ್ಟಿಗೆಯೊಳಗೇ ಉಳಿದು ಅದರ ಮೈ ಉದುರತೊಡಗುತ್ತದೆ. ‘ಹಳೆಯ ಮನೆ ಶಿಥಿಲವಾಗಿದೆ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಹೊಸ ಸಿಮೆಂಟಿನ ತಪ್ಪು.

ಪತ್ರದಲ್ಲಿದ್ದ ವಾದಗಳನ್ನು ನಾವು ತಳ್ಳಿಹಾಕುವುದಿಲ್ಲ. ಸಿಡ್ನಿಯಲ್ಲಿ ಮನೆಗಳ ಕೊರತೆ ನಿಜ. ಪಟ್ಟಿಗೆ ಸೇರಿದ ಮನೆಯ ದುರಸ್ತಿಗೆ ನುರಿತ ಕೈ ಬೇಕು, ಖರ್ಚು ಹೆಚ್ಚು. ಹಳೆಯದೆಲ್ಲವೂ ಉಳಿಯಬೇಕೆಂದೂ ನಾವು ಹೇಳುವವರಲ್ಲ. ಆದರೆ ಪಟ್ಟಿಗೆ ಸೇರುವುದೆಂದರೆ ಮನೆಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದಲ್ಲ. ಬಳಕೆಗೆ ಅಗತ್ಯವಿರುವಷ್ಟು ಬದಲಿಸಿ, ಉಳಿದುದನ್ನು ಆದಷ್ಟು ಮುಟ್ಟದಿರಿ ಎಂಬುದು ಇಲ್ಲಿನ ಪರಂಪರೆ ತಜ್ಞರು 1979ರಲ್ಲಿ ಒಪ್ಪಿಕೊಂಡ ಬರ್ರಾ ಸನ್ನದಿನ ತಿರುಳು. ಅನುಮತಿ ಪಡೆದು ಅಡುಗೆಮನೆ, ಬಚ್ಚಲುಮನೆ ಹೊಸದಾಗಿಸಬಹುದು. ಬೀದಿಗೆ ಕಾಣದಂತೆ ಹಿಂಬದಿಯಲ್ಲಿ ವಿಸ್ತರಿಸಬಹುದು. ಹಿತ್ತಲಿನಲ್ಲಿ ಹಿರಿಯರಿಗೆಂದು ಗ್ರ್ಯಾನಿ ಫ್ಲಾಟ್ ಕೇಳಬಹುದು. ಹ್ಯಾರಿಸ್ ಪಾರ್ಕಿನ ವಿಗ್ರಾಂ ಬೀದಿಯಲ್ಲಿ ನಾವು ದೋಸೆ ತಿನ್ನಲು ಕೂರುವುದು ಹಳೆಯ ಪುಟ್ಟ ಮನೆಗಳ ಜಗುಲಿಯಲ್ಲೇ ಅಲ್ಲವೇ? ಆ ಗೋಡೆಗಳು ಉಳಿದುದರಿಂದ ವ್ಯಾಪಾರಕ್ಕೇನೂ ಕುಂದಾಗಿಲ್ಲ. ಬೀದಿಗೊಂದು ಚಹರೆ ಬಂದಿದೆ.

ಪರಂಪರೆಯೆಂಬುದು ಉಳ್ಳವರ ಹವ್ಯಾಸವೆಂಬ ಮಾತೂ ಕೇಳಿಬಂತು. 1970ರ ದಶಕದಲ್ಲಿ ‘ದಿ ರಾಕ್ಸ್’ನ ಹಳೆಯ ಮನೆಗಳನ್ನು ಕೆಡವಲು ನಿರಾಕರಿಸಿ ಕೆಲಸ ನಿಲ್ಲಿಸಿದವರು ಕಟ್ಟಡ ಕಾರ್ಮಿಕರೇ ಎಂಬುದನ್ನು ಮರೆಯದಿರೋಣ.

ಇನ್ನೊಂದು ಮಾತು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದುದು. ಚಾಮರಾಜಪೇಟೆಯ ಅಜ್ಜನ ಮನೆ ಉರುಳಿ ಅಪಾರ್ಟ್‌ಮೆಂಟ್ ಎದ್ದ ಚಿತ್ರ ವಾಟ್ಸಾಪಿನಲ್ಲಿ ಬಂದಾಗ ನಾವೆಲ್ಲ ನಿಟ್ಟುಸಿರಿಟ್ಟಿದ್ದೇವೆ. ಬೇರೆಯವರ ಅಜ್ಜನ ಮನೆಯ ವಿಷಯದಲ್ಲಿ ನಮ್ಮ ಅಳತೆಗೋಲು ಬೇರೆಯಾಗಬಹುದೇ? ಈ ಊರು ನಮ್ಮದೂ ಹೌದೆಂದು ಹೇಳುವವರು ಅದರ ನೆನಪುಗಳಲ್ಲೂ ಪಾಲುದಾರರು.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಸಹಿ ಮಾಡುವ ಮುನ್ನ ಕೌನ್ಸಿಲ್‌ನ ಮೌಲ್ಯಮಾಪನ ವರದಿಯನ್ನು ಓದಿ. ಮನೆ ನಿಜಕ್ಕೂ ಸತ್ವಹೀನವೆನಿಸಿದರೆ ಹಾಗೆಯೇ ಬರೆಯಿರಿ. ಇಲ್ಲವಾದಲ್ಲಿ, ಮುಂಭಾಗ ಉಳಿಯಲಿ, ಹಿತ್ತಲಿನಲ್ಲಿ ಹಿರಿಯರಿಗೆ ಸೂರು ಕಟ್ಟಲು ಅನುಮತಿ ಸಿಗಲಿ ಎಂದು ಕೇಳೋಣ. ಆ ಕುಟುಂಬದವರು ಒಪ್ಪಿದರೆ ಅಂಥ ಪತ್ರವನ್ನು ಅವರೊಡನೆ ಕುಳಿತು ಬರೆಯಲು ನಾವು ಸಿದ್ಧರಿದ್ದೇವೆ; ಅದಕ್ಕೆ ಮೊದಲ ಸಹಿ ನಮ್ಮದೇ.