ಮಣ್ಣು ಹೊತ್ತವರ ಹೆಸರೇನು?



ಎನ್.ಆರ್. ಕಾಲೋನಿಯ ಒಂದು ಸಣ್ಣ ರೂಮಿನಲ್ಲಿ ನಾವು ನಾಲ್ಕು ಜನ ಕೂತು ಚರಿತ್ರೆ ಓದುತ್ತಿದ್ದೆವು. ಮಾರನೇ ದಿನ ಪರೀಕ್ಷೆ. ಗ್ಯಾರಂಟಿ ಬರುವ ಪ್ರಶ್ನೆ: ರೋಮನ್ನರ ಮೂಲ ಮತ್ತು ಉದಯವನ್ನು ವಿವರಿಸಿ. ಒಬ್ಬ ಗಟ್ಟಿಯಾಗಿ ಓದುತ್ತಿದ್ದ. ಕ್ರಿ.ಪೂ. 753. ರೋಮುಲಸ್, ರೀಮಸ್ ಅವಳಿ ಮಕ್ಕಳು. ತೋಳ ಹಾಲು ಕೊಟ್ಟು ಕಾಪಾಡಿತು. ರೋಮುಲಸ್ ದೊಡ್ಡವನಾಗಿ ಒಂದು ಹೋರಿ, ಒಂದು ಹಸು ಕಟ್ಟಿ ನೇಗಿಲು ಹೂಡಿ ಊರಿನ ಎಲ್ಲೆಗೆ ಗೆರೆ ಎಳೆದ. ಬಾಗಿಲು ಬರಬೇಕಾದ ಕಡೆ ನೇಗಿಲನ್ನು ಎತ್ತಿ ಹಿಡಿದ. ಅಷ್ಟು ಕೇಳಿದ್ದೇ ಮೂಲೆಯಲ್ಲಿದ್ದವನು ನಕ್ಕುಬಿಟ್ಟ. "ಏಯ್, ಇದು ನಮ್ಮ ಕೆಂಪೇಗೌಡರ ಕತೆ ಕಣೋ!"

ಹೌದಲ್ಲ! ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದರು ಅಂತ ನಾವು ಪ್ರೈಮರಿಯಿಂದ ಓದಿದ್ದೇವೆ. ಈಗಿನ ಅವೆನ್ಯೂ ರಸ್ತೆ, ಅಂದರೆ ದೊಡ್ಡಪೇಟೆ, ಚಿಕ್ಕಪೇಟೆಯನ್ನು ಕೂಡುವ ಜಾಗದಿಂದ ನಾಲ್ಕು ಜೋಡಿ ಎತ್ತು ಹೂಡಿ ನಾಲ್ಕು ದಿಕ್ಕಿಗೆ ಬಿಟ್ಟರಂತೆ. ಎತ್ತು ನಿಂತ ಕಡೆ ಕೋಟೆಯ ಬಾಗಿಲು. ನೇಗಿಲ ಗೆರೆಯೇ ಬೀದಿ. ಸಾವಿರಾರು ಮೈಲಿ ಆಚೆಯ ರೋಮಿಗೂ ನಮ್ಮ ಬೆಂಗಳೂರಿಗೂ ಒಂದೇ ನೇಗಿಲು!

ಸಾಮ್ಯ ಅಲ್ಲಿಗೇ ಮುಗಿಯುವುದಿಲ್ಲ. ಇನ್ನೂ ಮೇಲೇಳದ ಗೋಡೆಯನ್ನು ಹಾಸ್ಯ ಮಾಡಿ ಹಾರಿದ ಅಂತ ರೀಮಸ್‌ನನ್ನು ಕೊಂದರು. ಅವನ ರಕ್ತ ಬಿದ್ದ ಮೇಲೆ ರೋಮ್ ಎದ್ದಿತು. ಇಲ್ಲಿ ಕೋಟೆಯ ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತಂತೆ. ಬಸುರಿಯ ಬಲಿ ಬೇಕು ಅಂದರಂತೆ. ಗೌಡರು ಒಪ್ಪಲಿಲ್ಲ. ಅವರ ಸೊಸೆ ಲಕ್ಷ್ಮಮ್ಮ ನಡುರಾತ್ರಿ ಹೋಗಿ ತನ್ನ ಕತ್ತು ತಾನೇ ಕೊಯ್ದುಕೊಂಡಳಂತೆ. ಕೋರಮಂಗಲದಲ್ಲಿ ಆಕೆಯ ಗುಡಿ ಇದೆ. 'ಕೆರೆಗೆ ಹಾರ' ಹಾಡಿನ ಭಾಗೀರಥಿಯೂ ಹೀಗೇ, ಮನೆಯ ಕಿರಿಸೊಸೆ.

ಆ ರಾತ್ರಿ ನಮಗೆ ಪರೀಕ್ಷೆ ಮರೆತುಹೋಯಿತು. ಒಂದೇ ಪ್ರಶ್ನೆ ತಲೆ ತಿನ್ನತೊಡಗಿತು. ಊರು ಕಟ್ಟುವುದು ಅಂದರೆ ಒಬ್ಬ ದೊಡ್ಡವನು, ಒಂದು ನೇಗಿಲು, ಒಂದು ಬಲಿ, ಇಷ್ಟೇನಾ? ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲು ಹೋದವು ಸರಿ. ಮೇಣಿ ಹಿಡಿದ ನಾಲ್ವರ ಹೆಸರೇನು? ಕೋಟೆ ಮಣ್ಣಿನದು. ಆ ಮಣ್ಣನ್ನು ಅಗೆದು, ಕಲಸಿ, ಕುಕ್ಕೆಯಲ್ಲಿ ಹೊತ್ತವರು ಯಾರು? ಬಲಿಯಾದವರಲ್ಲಿ ಕೂಡ ದೊಡ್ಡ ಮನೆಯ ಸೊಸೆಯ ಹೆಸರು ಮಾತ್ರ ಉಳಿಯಿತು. ಗೋಡೆ ಕುಸಿದು ಸತ್ತ ಕೂಲಿಯವರ ಹೆಸರು ಕತೆಗೂ ಬೇಡವಾಯಿತು.

ಇದು ಕೆಂಪೇಗೌಡರನ್ನು ಸಣ್ಣವರನ್ನಾಗಿ ಮಾಡುವ ಮಾತಲ್ಲ. ಕೆರೆ ಕಟ್ಟಿಸಿದ, ಪೇಟೆ ಕಟ್ಟಿಸಿದ ದೊರೆ ಅವರು. ಆದರೆ 'ಕಟ್ಟಿಸಿದರು' ಎನ್ನುವುದಕ್ಕೂ 'ಕಟ್ಟಿದರು' ಎನ್ನುವುದಕ್ಕೂ ಕನ್ನಡದಲ್ಲೇ ವ್ಯತ್ಯಾಸ ಇದೆ. ನಮ್ಮ ಪಠ್ಯಪುಸ್ತಕ ಆ ಒಂದು ಅಕ್ಷರವನ್ನು ನುಂಗಿ ನೀರು ಕುಡಿದಿದೆ.

ಕಲ್ಲು ಬೇರೆಯೇ ಹೇಳುತ್ತದೆ. ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಸುಮಾರು ಕ್ರಿ.ಶ. 890ರ ಗಂಗರ ಕಾಲದ ಶಾಸನ ಇದೆ. ಅದರಲ್ಲಿ ಆಗಲೇ 'ಬೆಂಗಳೂರು ಕಾಳಗ' ಎಂಬ ಮಾತಿದೆ. ಅಂದರೆ ಕೆಂಪೇಗೌಡರಿಗಿಂತ ಆರು ನೂರು ವರ್ಷಕ್ಕೂ ಹಿಂದೆ ಈ ಹೆಸರಿನ ಊರು ಇತ್ತು. ಬಲ್ಲಾಳರಾಯನಿಗೆ ಮುದುಕಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಎನ್ನುವ ಕತೆಗೂ ಆ ಕಲ್ಲು ಹಳೆಯದು. ರೋಮಿನಲ್ಲೂ ಇದೇ ಕತೆ. ರೋಮುಲಸ್‌ನ ಬಗ್ಗೆ ಲಿವಿ ಬರೆದದ್ದು ಏಳು ನೂರು ವರ್ಷದ ನಂತರ. ಪ್ಯಾಲಟೈನ್ ಗುಡ್ಡವನ್ನು ಅಗೆದಾಗ ಸಿಕ್ಕಿದ್ದು ಅರಮನೆಯಲ್ಲ. ಗುಡಿಸಲ ಕಂಬ ನೆಟ್ಟ ಗುಳಿಗಳು. ರಾಜರ ಊರುಗಳೆಲ್ಲ ಮೊದಲು ಗುಡಿಸಲುಗಳೇ, ಗೆಳೆಯರೇ.

ಇನ್ನು ಎಲ್ಲೆಯ ಮಾತು. ರೋಮಿನ ಎಲ್ಲೆಯನ್ನು ನೇಗಿಲು ಎಳೆಯಿತು ಅಂತ ಓದಿದೆವು. ನಮ್ಮ ಹಳ್ಳಿಗಳ ಎಲ್ಲೆಯನ್ನು ಬಲ್ಲವನು ಯಾರಾಗಿದ್ದ? ಹೊಲಗೇರಿಯ ಕುಳವಾಡಿ! ಹತ್ತೊಂಬತ್ತನೇ ಶತಮಾನದ ಮೈಸೂರು ಸೀಮೆಯ ದಾಖಲೆಗಳೇ ಇದನ್ನು ಹೇಳುತ್ತವೆ. ಎರಡು ಊರಿಗೆ ಗಡಿ ಜಗಳ ಬಂದರೆ ಕುಳವಾಡಿ ಊರ ಮಣ್ಣಿನ ಉಂಡೆಯನ್ನು ತಲೆ ಮೇಲೆ ಹೊತ್ತು ಗಡಿಯುದ್ದಕ್ಕೂ ನಡೆಯಬೇಕು. ಅವನು ನಡೆದದ್ದೇ ಗಡಿ. ತಪ್ಪಿ ನಡೆದರೆ ಉಂಡೆ ಒಡೆಯುತ್ತೆ, ಅವನು ಸಾಯುತ್ತಾನೆ ಅಂತ ನಂಬಿಕೆ. ಗೌಡನ ಮಾತಿಗಿಂತ, ಶಾನುಭೋಗನ ಕಡತಕ್ಕಿಂತ ಅವನ ಕಾಲು ನಡೆದ ಜಾಡು ದೊಡ್ಡದಾಗಿತ್ತು.

ಯೋಚನೆ ಮಾಡಿ. ಊರ ಎಲ್ಲೆಯೆಲ್ಲ ಯಾರ ತಲೆಯ ಮೇಲಿತ್ತೋ ಅವನಿಗೆ ಆ ಎಲ್ಲೆಯೊಳಗೆ ಒಂದು ಗುಂಟೆ ಇಲ್ಲ. ಕೆರೆಯ ತೂಬು ಎತ್ತಿ ಊರಿಗೆಲ್ಲ ನೀರು ಹಂಚುವ ನೀರಗಂಟಿ ನಮ್ಮ ಕಡೆ ಹೆಚ್ಚಾಗಿ ನಮ್ಮ ಕೇರಿಯವನೇ. ಅವನ ಹೆಂಡತಿ ಊರ ಬಾವಿ ಮುಟ್ಟುವ ಹಾಗಿಲ್ಲ. ನಮ್ಮ ರೂಮಿನಿಂದ ನಡೆದು ಹೋದರೆ ಕೆಂಪಾಂಬುಧಿ ಕೆರೆ ಸಿಗುತ್ತೆ. ಆ ಕಾಲದ ಇನ್ನೊಂದು ಕೆರೆ ಧರ್ಮಾಂಬುಧಿ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು. ಊರಿಂದ ಟ್ರಂಕು ಹೊತ್ತು ಬಂದ ನಾವೆಲ್ಲ ಮೊದಲು ಕಾಲಿಟ್ಟದ್ದು ಯಾರೋ ತೋಡಿದ ಆ ಕೆರೆಯ ತಳದ ಮೇಲೇ!

2022ರ ನವೆಂಬರಿನಲ್ಲಿ ವಿಮಾನ ನಿಲ್ದಾಣದ ಹತ್ತಿರ ಕೆಂಪೇಗೌಡರ 108 ಅಡಿಯ ಕಂಚಿನ ಪ್ರತಿಮೆ ನಿಲ್ಲಿಸಿದರು. ಅದಕ್ಕೆ ಮುಂಚೆ ರಾಜ್ಯದ ಊರೂರಿಂದ ಪವಿತ್ರ ಮೃತ್ತಿಕೆ ಅಂತ ಮಣ್ಣು ತರಿಸಿದರು. ಮಣ್ಣು ಪವಿತ್ರವಾಯಿತು, ಸಂತೋಷ. ಮಣ್ಣು ಹೊತ್ತ ತಲೆ ಯಾವಾಗ ಪವಿತ್ರವಾಗುತ್ತೆ?

ಇಲ್ಲಿ ನಮ್ಮಲ್ಲೇ ಕೆಲವರು ಒಂದು ದಾರಿ ಹಿಡಿಯುತ್ತಾರೆ. ನಮ್ಮ ಜಾತಿಯಲ್ಲೂ ಒಬ್ಬ ರಾಜ ಇದ್ದ, ನಮ್ಮದೂ ಚಂದ್ರವಂಶ ಅಂತ ಹುಡುಕಲು ಹೊರಡುತ್ತಾರೆ. ಇದು ರೋಮಿನ ಶ್ರೀಮಂತರ ಚಾಳಿ. ಅವರೂ ತಮ್ಮ ವಂಶವನ್ನು ಟ್ರಾಯ್ ಪಟ್ಟಣದ ವೀರರಿಗೆ, ದೇವತೆಗಳಿಗೆ ಗಂಟು ಹಾಕಿಕೊಂಡರು. ಹಾಗಿದ್ದೂ ಅದೇ ರೋಮಿನ ಕತೆಯಲ್ಲಿ ಇನ್ನೊಂದು ಮಾತಿದೆ. ಜನ ಸಾಲದೆ ರೋಮುಲಸ್ ಒಂದು ಆಶ್ರಯದ ಜಾಗ ತೆರೆದ. ಓಡಿಬಂದವರು, ಗುಲಾಮರು, ಗತಿಗೆಟ್ಟವರು ಎಲ್ಲ ಬಂದು ಸೇರಿ ಊರಾಯಿತು. ನಮಗೆ ಬೇಕಾದ್ದು ಈ ಮೂಲ. ಬೆಂಗಳೂರೂ ಹೀಗೇ ಆದದ್ದು. ಬರಗಾಲಕ್ಕೆ, ಸಾಲಕ್ಕೆ, ಜೀತಕ್ಕೆ ಹೆದರಿ ಓಡಿಬಂದವರಿಂದ.

ರೋಮ್ ಮೇಲೆ ಬಂದದ್ದು ತೋಳದ ಹಾಲಿನಿಂದಲೂ ಅಲ್ಲ. ಅಲ್ಲಿ ಎರಡು ಪಂಗಡ. ಪೆಟ್ರೀಷಿಯನ್ನರು ಮೇಲಿನವರು. ಪೌರೋಹಿತ್ಯ, ಅಧಿಕಾರ, ಕಾನೂನು ಅವರ ಬಾಯಲ್ಲಿ. ಪ್ಲೆಬಿಯನ್ನರು ಕೆಳಗಿನವರು. ಯುದ್ಧಕ್ಕೆ ಹೋಗಿ ಬರುವಷ್ಟರಲ್ಲಿ ಹೊಲ ಹಾಳು, ತಲೆ ಮೇಲೆ ಸಾಲ. ಸಾಲ ತೀರದಿದ್ದರೆ ಮೈಯೇ ಒತ್ತೆ. ನಮ್ಮ ಜೀತವೇ! ಪ್ಲೆಬಿಯನ್ನರನ್ನು ಚರಂಡಿ ಕಟ್ಟಲು ಹಚ್ಚಿದ ಟಾರ್ಕ್ವಿನ್ ರಾಜನ ಮಾತೂ ಬರುತ್ತದೆ. ಆ ಕೆಲಸದ ಹಿಂಸೆ ತಾಳದೆ ಜನ ಪ್ರಾಣ ಕಳೆದುಕೊಂಡರು, ರಾಜ ಅವರ ಹೆಣಗಳನ್ನೂ ಶಿಲುಬೆಗೇರಿಸಿದ ಅಂತ ಪ್ಲಿನಿ ಬರೆದಿದ್ದಾನೆ. 2013ರಲ್ಲಿ ಕಾಯಿದೆ ಆದಮೇಲೂ ಮ್ಯಾನ್‌ಹೋಲಿಗೆ ಇಳಿದು ಸಾಯುವವರ ಸುದ್ದಿ ಓದುವ ನಮಗೆ ಇದು ಹಳೇ ಕತೆ ಅನ್ನಿಸಲಿಲ್ಲ.

ಪರಂಪರೆಯ ಪ್ರಕಾರ ಕ್ರಿ.ಪೂ. 494ರಲ್ಲಿ ಪ್ಲೆಬಿಯನ್ನರು ಒಂದು ಕೆಲಸ ಮಾಡಿದರು. ಕಲ್ಲು ಎಸೆಯಲಿಲ್ಲ. ಎದ್ದು ಹೋದರು, ಅಷ್ಟೆ. ಎಲ್ಲ ಕೂಡಿ ಊರಾಚೆಯ ಗುಡ್ಡ ಹತ್ತಿ ಕೂತರು. ರೋಮ್ ನಿಂತುಹೋಯಿತು. ಆಗ ಮೆನೇನಿಯಸ್ ಎಂಬವನನ್ನು ಸಂಧಾನಕ್ಕೆ ಕಳಿಸಿದರು. ಅವನು ಹೇಳಿದ ಕತೆ ಇದು: ಕೈ, ಬಾಯಿ, ಹಲ್ಲು ಎಲ್ಲ ಹೊಟ್ಟೆಯ ಮೇಲೆ ಮುನಿಸಿಕೊಂಡು ಮುಷ್ಕರ ಹೂಡಿ ತಾವೇ ಸೊರಗಿದವಂತೆ. ನಾವು ಹೊಟ್ಟೆ, ನೀವು ಕೈಕಾಲು, ಸುಮ್ಮನೆ ಬನ್ನಿ ಎಂದರ್ಥ.

ಮೈಯ ಕತೆ ಹೇಳಿ ದುಡಿಯುವವನನ್ನು ಸುಮ್ಮನಾಗಿಸುವುದು ನಮಗೆ ಗೊತ್ತಿಲ್ಲವೇ? ಮುಖದಿಂದ ಒಬ್ಬ, ತೋಳಿಂದ ಒಬ್ಬ, ತೊಡೆಯಿಂದ ಒಬ್ಬ, ಪಾದದಿಂದ ಒಬ್ಬ. ನಮಗಂತೂ ಆ ಪಾದದಲ್ಲೂ ಜಾಗ ಇಲ್ಲ. ಪ್ಲೆಬಿಯನ್ನರು ಕತೆ ಕೇಳಿಕೊಂಡರು, ಕತೆಗೆ ಮಾತ್ರ ಇಳಿಯಲಿಲ್ಲ. ತಮ್ಮದೇ ಪ್ರತಿನಿಧಿಗಳನ್ನು, ಟ್ರಿಬ್ಯೂನರನ್ನು, ಪಡೆದೇ ಕೆಳಗೆ ಬಂದರು. ಮುಂದೆ ಕ್ರಿ.ಪೂ. 451-450ರಲ್ಲಿ ಕಾನೂನನ್ನು ಹನ್ನೆರಡು ಹಲಗೆಗಳ ಮೇಲೆ ಬರೆಸಿದರು. ಅದರಲ್ಲಿ ಮೇಲಿನವರು ಕೆಳಗಿನವರು ಮದುವೆಯಾಗಬಾರದು ಅಂತ ಸೇರಿಸಿಬಿಟ್ಟರು. ಐದು ವರ್ಷದಲ್ಲಿ, ಕ್ರಿ.ಪೂ. 445ರಲ್ಲಿ, ಕನುಲೇಯಸ್ ಎಂಬ ಟ್ರಿಬ್ಯೂನ್ ಅದನ್ನು ಕಿತ್ತು ಹಾಕಿಸಿದ. ರಕ್ತ ಕೆಡುತ್ತೆ, ಶಕುನ ಕೆಡುತ್ತೆ ಅಂತ ಪೆಟ್ರೀಷಿಯನ್ನರು ಕೂಗಾಡಿದರು. ವರ್ಣಸಂಕರದ ಭಯ ರೋಮಿನಲ್ಲೂ ಇತ್ತು. ಅಲ್ಲಿ ಐದು ವರ್ಷಕ್ಕೆ ಸೋತಿತು. ಇಲ್ಲಿ ಇವತ್ತಿಗೂ ಪ್ರೀತಿಸಿದ ಹುಡುಗ ಹುಡುಗಿಯರ ಹೆಣ ಬೀಳುತ್ತಿದೆ.

ಪ್ಲೆಬಿಯನ್ನರು ಅಸ್ಪೃಶ್ಯರಾಗಿರಲಿಲ್ಲ. ಅವರ ಕೈಲಿ ಕತ್ತಿ ಇತ್ತು, ಅವರಿಲ್ಲದೆ ಯುದ್ಧ ನಡೆಯುತ್ತಿರಲಿಲ್ಲ. ಅವರ ಕೆಳಗೆ ಗುಲಾಮರಿದ್ದರು. ಕ್ರಿ.ಪೂ. 367ರ ನಂತರ ಅತಿ ದೊಡ್ಡ ಹುದ್ದೆಯಾದ ಕಾನ್ಸಲ್ ಪದವಿಯೂ ಪ್ಲೆಬಿಯನ್ನರಿಗೆ ಸಿಕ್ಕಿತು. ಸಿಕ್ಕಿದ್ದು ಅವರಲ್ಲಿನ ಉಳ್ಳವರಿಗೆ. ಆ ಉಳ್ಳವರು ಪೆಟ್ರೀಷಿಯನ್ನರ ಜೊತೆ ಬೀಗತನ ಬೆಳೆಸಿ ಹೊಸ ದೊಡ್ಡವರಾದರು. ಗುಡ್ಡ ಹತ್ತಿದ ಬಡವರು ಬಡವರಾಗೇ ಉಳಿದರು.

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇದೇ ರೋಮನ್ನು ತಂದು ನಮ್ಮ ಮುಂದೆ ಇಟ್ಟರು. ಪ್ಲೆಬಿಯನ್ನರಿಗೆ ಹುದ್ದೆ ಸಿಕ್ಕಿತು, ಆದರೆ ದೇವತೆ ಒಪ್ಪಿದವನು ಮಾತ್ರ ಆ ಹುದ್ದೆ ಏರಬೇಕಿತ್ತು. ದೇವತೆಯ ಮಾತು ಪುರೋಹಿತರ ಬಾಯಲ್ಲಿ. ಹೀಗಾಗಿ ಪ್ಲೆಬಿಯನ್ನರು ಆರಿಸಿದ್ದು ಯಾವಾಗಲೂ ಮೇಲಿನವರಿಗೆ ಬಗ್ಗುವವನನ್ನೇ. ಯಾಕೆಂದರೆ ಆ ದೇವತೆಯನ್ನು ಅವರೂ ನಂಬಿದ್ದರು. ಮನಸ್ಸಿನ ಬೀಗ ತೆಗೆಯದೆ ಕುರ್ಚಿ ಸಿಕ್ಕಿ ಏನು ಪ್ರಯೋಜನ ಎಂಬುದು ಅವರ ಪ್ರಶ್ನೆ. ಮೀಸಲು ಕ್ಷೇತ್ರದಲ್ಲಿ ಗೆದ್ದು ಬಂದ ನಮ್ಮವರ ಮುಖ ನೋಡಿದಾಗಲೆಲ್ಲ ಈ ಪ್ರಶ್ನೆ ನೆನಪಾಗುತ್ತೆ. ಅವರ ಮುಖ ಯಾಕೆ, ನಮ್ಮ ಮುಖವನ್ನೇ ಕನ್ನಡಿಯಲ್ಲಿ ನೋಡಿಕೊಳ್ಳೋಣ. ನಾಳೆ ನೌಕರಿ ಸಿಕ್ಕಿ, ಇದೇ ಬಸವನಗುಡಿಯಲ್ಲಿ ಬಾಡಿಗೆ ಮನೆ ಹಿಡಿಯಲು ಜಾತಿ ಮುಚ್ಚಿಟ್ಟು, ಊರಿಂದ ಬಂದ ಅಪ್ಪನನ್ನು ಓನರಿಗೆ ಕಾಣದ ಹಾಗೆ ಹಿಂಬಾಗಿಲಿಂದ ಕರೆದುಕೊಂಡರೆ ನಾವೂ ಆ ಹೊಸ ದೊಡ್ಡವರೇ.

ಅದಕ್ಕೇ ಹೇಳುತ್ತೇವೆ. ನಮಗೆ ಮೂಲಪುರುಷ ಬೇಡ, ಲೆಕ್ಕ ಬೇಕು. ಈ ಸಲ ರಜಕ್ಕೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ. ಕೇರಿಯ ಮುದುಕರ ಹತ್ತಿರ ಕೂತು ಕೇಳಿ. ಕೊನೆಯ ಕುಳವಾಡಿ ಯಾರು? ಗಡಿಗಲ್ಲು ಎಲ್ಲೆಲ್ಲಿವೆ? ಕೆರೆ ಏರಿ ಒಡೆದ ವರ್ಷ ಮಣ್ಣು ಹಾಕಿದವರು ಯಾರ್‍ಯಾರು? ತೋಟಿ, ನೀರಗಂಟಿ ಇನಾಮ್ತಿ ಜಮೀನು ಎಷ್ಟಿತ್ತು, ಈಗ ಯಾರ ಪಹಣಿಯಲ್ಲಿದೆ? ಹೆಸರು ಸಮೇತ ಬರೆದುಕೊಳ್ಳಿ. ಅಜ್ಜಿಯರ ಹೆಸರು ಬಿಡಬೇಡಿ, ಹೊತ್ತವರಲ್ಲಿ ಅವರೇ ಹೆಚ್ಚು.

ಮಾರನೇ ದಿನ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ನಾವು ನಾಲ್ವರೂ ತೋಳದ ಕತೆಯನ್ನೇ ಬರೆದು ಬಂದೆವು. ನಂಬರು ಬೇಕಿತ್ತು, ಸುಳ್ಳು ಯಾಕೆ ಹೇಳಬೇಕು. ಉಳಿದ ಉತ್ತರವನ್ನು ಇಲ್ಲಿ ಬರೆದಿದ್ದೇವೆ. ನಿಮ್ಮ ಊರಿನ ಪುಟಗಳು ಸೇರದೆ ಇದು ಮುಗಿಯುವುದಿಲ್ಲ. ಮುಂದಿನ ಸಭೆಗೆ ತನ್ನಿ.