ಪ್ರವಾಸದ ಪಟ್ಟಿಯಲ್ಲಿ ಒಂದು ಖಾಲಿ ದಿನ

ರಜೆಯ ಪ್ರವಾಸಕ್ಕೆ ಹೊರಡುವ ಮನೆಗಳಲ್ಲಿ ಪಟ್ಟಿ ಮಾಡುವ ಕೆಲಸ ತಿಂಗಳುಗಟ್ಟಲೆ ಮೊದಲೇ ಶುರುವಾಗುತ್ತದೆ. ಯಾವ ದಿನ ಎಲ್ಲಿ, ಯಾವ ಆಟ ಮೊದಲು, ಮಧ್ಯಾಹ್ನದ ಊಟ ಎಲ್ಲಿ, ರಾತ್ರಿಯ ದೀಪಾಲಂಕಾರ ಎಷ್ಟು ಹೊತ್ತಿಗೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಇಲ್ಲದಿರುವುದು ಒಂದೇ: ವಿಶ್ರಾಂತಿ. ಅದು ಸಮಯ ಉಳಿದರೆ ಸಿಗುವ ವಸ್ತು ಎಂದೇ ಹೆಚ್ಚಿನವರ ಎಣಿಕೆ. ಸಮಯವಂತೂ ಎಂದೂ ಉಳಿಯುವುದಿಲ್ಲ.

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿರುವ ಆರ್ಲಾಂಡೊ ನಗರಕ್ಕೆ ಹೋಗುವ ಕುಟುಂಬಗಳಲ್ಲಿ ಈ ತಪ್ಪು ಎದ್ದು ಕಾಣುತ್ತದೆ. ಅಮೆರಿಕದಲ್ಲೇ ನೆಲೆಸಿರುವ ಕನ್ನಡ ಕುಟುಂಬಗಳು ಮಕ್ಕಳ ರಜೆಯಲ್ಲಿ ಅಲ್ಲಿನ ಡಿಸ್ನಿ ವರ್ಲ್ಡ್ ನೋಡಲು ಹೋಗುತ್ತವೆ. ಬೇಸಿಗೆ ರಜೆಯಲ್ಲಿ ಅಣ್ಣನ ಮನೆಗೋ ಅತ್ತೆಯ ಮನೆಗೋ ಎಂದು ಇಲ್ಲಿಂದ ಹೋದವರೂ ನಾಲ್ಕೈದು ದಿನ ಅದಕ್ಕೆಂದೇ ತೆಗೆದಿಡುತ್ತಾರೆ. ಮೊದಲ ದಿನ ಸಂಭ್ರಮ. ಎರಡನೆಯ ದಿನವೂ ಪರವಾಗಿಲ್ಲ. ಮೂರನೆಯ ದಿನದ ಮಧ್ಯಾಹ್ನದ ಹೊತ್ತಿಗೆ ಚಿಕ್ಕವನಿಗೆ ಅಳು, ದೊಡ್ಡವಳಿಗೆ ಮುನಿಸು, ಅಪ್ಪನಿಗೆ ಸಿಡುಕು, ಅಜ್ಜಿಗೆ ಮಂಡಿನೋವು. ‘ಇಷ್ಟು ದುಡ್ಡು ಸುರಿದು ಕರಕೊಂಡು ಬಂದರೆ ಅಳ್ತಾ ನಿಂತಿದ್ದೀಯಲ್ಲ’ ಎಂಬ ಮಾತು ಬರುವುದು ಆಗಲೇ. ಮಗುವಿನ ಅಳುವಿಗೆ ಕಾರಣ ಹಟವಲ್ಲ, ದಣಿವು. ಆ ದಣಿವಿಗೆ ಕಾರಣ ಹಿರಿಯರು ಬರೆದ ಪಟ್ಟಿ.

ಅದು ಪಾರ್ಕಲ್ಲ, ಒಂದು ಊರು

ಡಿಸ್ನಿ ವರ್ಲ್ಡ್ ಎಂದರೆ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದಾದ ಒಂದು ಉದ್ಯಾನವಲ್ಲ. ಅದರ ವಿಸ್ತಾರ ಸುಮಾರು 100 ಚದರ ಕಿಲೋಮೀಟರು. ಅದರೊಳಗೆ ನಾಲ್ಕು ಥೀಮ್ ಪಾರ್ಕುಗಳಿವೆ: 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್‌ಕಾಟ್, 1989ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ ಈಗ ಹಾಲಿವುಡ್ ಸ್ಟುಡಿಯೋಸ್ ಎನಿಸಿಕೊಂಡಿರುವುದು ಮತ್ತು 1998ರ ಅನಿಮಲ್ ಕಿಂಗ್‌ಡಮ್. ಇವಲ್ಲದೆ ಎರಡು ನೀರಾಟದ ಪಾರ್ಕುಗಳು ಬೇರೆ. ಅದೇ ನಗರದಲ್ಲಿರುವ ಯೂನಿವರ್ಸಲ್ ಸಂಸ್ಥೆಯ ಪಾರ್ಕುಗಳದ್ದು ಪ್ರತ್ಯೇಕ ಲೆಕ್ಕ. ಅವುಗಳಲ್ಲಿ ಎಪಿಕ್ ಯೂನಿವರ್ಸ್ ಎಂಬುದು 2025ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು.

ಎಪ್‌ಕಾಟಿನಲ್ಲಿ ಒಂದು ಕೆರೆಯ ಸುತ್ತ 11 ದೇಶಗಳ ಮಂಟಪಗಳಿವೆ. ಅವನ್ನು ಒಮ್ಮೆ ಸುತ್ತಿ ಬಂದರೇ ಸುಮಾರು 2 ಕಿ.ಮೀ. ಮ್ಯಾಜಿಕ್ ಕಿಂಗ್‌ಡಮ್ಮಿಗೆ ಕಾರಿನಲ್ಲಿ ಹೋದವರು ಕಾರು ನಿಲ್ಲಿಸಿದ ಕೂಡಲೇ ಒಳಗೆ ಕಾಲಿಡುವಂತಿಲ್ಲ. ನಡುವೆ ದೊಡ್ಡ ಸರೋವರವಿದ್ದು, ದೋಣಿಯಲ್ಲೋ ಮೋನೊರೈಲಿನಲ್ಲೋ ಆಚೆ ಬದಿಗೆ ಹೋಗಬೇಕು. ಸಾಲಿನಲ್ಲಿ ನಿಲ್ಲುವುದು, ಒಂದು ಆಟದಿಂದ ಇನ್ನೊಂದಕ್ಕೆ ಓಡುವುದು ಎಲ್ಲ ಸೇರಿದರೆ ದಿನಕ್ಕೆ 10 ಕಿ.ಮೀ.ಗೂ ಹೆಚ್ಚು ನಡೆದಿರುವುದು ಅಲ್ಲಿ ಸಾಮಾನ್ಯ. ಊರಿನಲ್ಲಿ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುವ ಮಗು, ಕಚೇರಿಯಲ್ಲಿ ಕುಳಿತೇ ದುಡಿಯುವ ತಂದೆ, ಇಬ್ಬರಿಗೂ ಇದು ಅಭ್ಯಾಸವಿಲ್ಲದ ದುಡಿಮೆ.

ಈ ಊರನ್ನು ಕಟ್ಟಿದವರಿಗೆ ಈ ಸಂಗತಿ ಗೊತ್ತಿಲ್ಲದೆ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನ ಸುತ್ತ ಬೇರೆಯವರ ಹೋಟೆಲು, ಅಂಗಡಿಗಳು ಎದ್ದುನಿಂತು ಜಾಗವೇ ಸಾಲದಾಯಿತು. ಹಾಗಾಗಿ ಫ್ಲಾರಿಡಾದಲ್ಲಿ ವಾಲ್ಟ್ ಡಿಸ್ನಿ ಮೊದಲೇ ವಿಶಾಲವಾದ ಭೂಮಿ ಕೊಳ್ಳಿಸಿದರು. ಅವರು 1966ರಲ್ಲಿ ತೀರಿಕೊಂಡ ಮೇಲೆ ಅಣ್ಣ ರಾಯ್ ಡಿಸ್ನಿ ಕೆಲಸ ಮುಗಿಸಿದರು. 1971ರ ಅಕ್ಟೋಬರ್ 1ರಂದು ಮೊದಲ ಪಾರ್ಕು ತೆರೆದಾಗ ಸರೋವರದ ದಂಡೆಯಲ್ಲಿ ಎರಡು ಹೋಟೆಲುಗಳೂ ಸಿದ್ಧವಾಗಿದ್ದವು. ಜನ ಬಂದು, ತಂಗಿ, ಈಜಿ, ದೋಣಿಯಲ್ಲಿ ಕುಳಿತು, ನಡುನಡುವೆ ಪಾರ್ಕು ನೋಡಬೇಕು ಎಂಬ ಲೆಕ್ಕದಲ್ಲೇ ಆ ಜಾಗ ರೂಪುಗೊಂಡಿದೆ. ವಿಶ್ರಾಂತಿಯ ಒಂದು ದಿನವನ್ನು ಪಟ್ಟಿಗೆ ಸೇರಿಸುವವರು ಏನನ್ನೋ ಕಳೆದುಕೊಳ್ಳುತ್ತಿದ್ದಾರೆ ಎಂದು ತಿಳಿಯಬೇಕಾಗಿಲ್ಲ. ಆ ಊರನ್ನು ಬಳಸಬೇಕಾದ ರೀತಿಯಲ್ಲೇ ಬಳಸುತ್ತಿದ್ದಾರೆ.

ಕಾಸು ವಸೂಲಾಗುವ ಬಗೆ

ಹಾಗಿದ್ದರೂ ಪಾಲಕರು ಖಾಲಿ ದಿನಕ್ಕೆ ಹೆದರುವುದೇಕೆ? ಕಾರಣ ಟಿಕೆಟ್ಟಿನ ಬೆಲೆ. ಹೆಚ್ಚು ದಿನಗಳ ಟಿಕೆಟ್ಟು ಕೊಂಡಷ್ಟೂ ದಿನವೊಂದಕ್ಕೆ ಬೀಳುವ ದರ ಇಳಿಯುತ್ತದೆ. ‘ಇನ್ನೊಂದು ದಿನ ಸೇರಿಸಿದರೆ ಎಷ್ಟು ಅಗ್ಗ’ ಎನ್ನುತ್ತ ಇರುವ ದಿನಗಳನ್ನೆಲ್ಲ ಪಾರ್ಕಿಗೇ ಕೊಟ್ಟುಬಿಡುವ ಆಸೆ ಸಹಜ.

ಆದರೆ ಅದೇ ಟಿಕೆಟ್ಟಿನ ನಿಯಮವನ್ನು ಗಮನವಿಟ್ಟು ಓದಿದರೆ ಇನ್ನೊಂದು ಅನುಕೂಲ ಕಾಣುತ್ತದೆ. ಹಲವು ದಿನಗಳ ಸಾಮಾನ್ಯ ಟಿಕೆಟ್ಟನ್ನು ಒಂದರ ಹಿಂದೆ ಒಂದು ದಿನದಂತೆ ಬಳಸಲೇಬೇಕು ಎಂದಿಲ್ಲ. 4 ದಿನದ ಟಿಕೆಟ್ಟನ್ನು ಆರಂಭದ ದಿನಾಂಕದಿಂದ 7 ದಿನಗಳೊಳಗೆ, 5 ದಿನದ್ದನ್ನು 8 ದಿನಗಳೊಳಗೆ ಬಳಸಬಹುದು. ಅಂದರೆ ನಡುವೆ ಬಿಡುವು ಕೊಟ್ಟರೆ ಟಿಕೆಟ್ಟಿನ ಒಂದು ದಿನವೂ ಹಾಳಾಗುವುದಿಲ್ಲ. ರಿಯಾಯಿತಿಯ ಕೆಲವು ವಿಶೇಷ ಟಿಕೆಟ್ಟುಗಳ ನಿಯಮ ಬೇರೆ ಇರಬಹುದಾದ್ದರಿಂದ ದುಡ್ಡು ಕಟ್ಟುವ ಮೊದಲು ಅವಧಿಯನ್ನು ನೋಡಿಕೊಳ್ಳಬೇಕು. ಬಿಡುವಿನ ದಿನಕ್ಕೆ ಬೀಳುವ ನಿಜವಾದ ಖರ್ಚು ಕೋಣೆಯ ಬಾಡಿಗೆ ಮತ್ತು ಊಟದ್ದು. ಐದನೆಯ ದಿನದ ಪಾರ್ಕು ಬಿಟ್ಟರೆ ಅದರಲ್ಲೂ ಒಂದು ಪಾಲು ಉಳಿತಾಯವಾಗುತ್ತದೆ.

ವಸೂಲಿಯ ಲೆಕ್ಕವನ್ನು ಇನ್ನೊಂದು ರೀತಿಯಲ್ಲೂ ಹಾಕಬಹುದು. ನಿದ್ದೆಗಣ್ಣಿನ ಮಗುವನ್ನು ಹೆಗಲ ಮೇಲೆ ಹೊತ್ತು ರಾತ್ರಿ ಒಂಬತ್ತರವರೆಗೆ ಸಾಲಿನಲ್ಲಿ ನಿಂತು ಹತ್ತಿದ ಎರಡು ಆಟಗಳನ್ನು ಲಾಭದ ಕಡೆಗೆ ಬರೆಯಬೇಕೋ ನಷ್ಟದ ಕಡೆಗೋ?

ಮಧ್ಯಾಹ್ನ ಎರಡೂವರೆಗೆ ಮಧ್ಯರಾತ್ರಿ

ಭಾರತದಿಂದ ನೇರವಾಗಿ ಅಲ್ಲಿಗೆ ಹೋಗುವ ಮಕ್ಕಳಿಗೆ ಇನ್ನೊಂದು ತೊಡಕಿದೆ. ಏಪ್ರಿಲ್, ಮೇ ತಿಂಗಳಲ್ಲಿ ಆರ್ಲಾಂಡೊದ ಗಡಿಯಾರ ನಮ್ಮ ದೇಶದ್ದಕ್ಕಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಮಧ್ಯಾಹ್ನ ಎರಡೂವರೆಯಾದಾಗ ಬೆಂಗಳೂರಿನಲ್ಲಿ ರಾತ್ರಿ ಹನ್ನೆರಡು. ವಿಮಾನ ಇಳಿದ ಮರುದಿನವೇ ಪಾರ್ಕಿಗೆ ಕರೆದೊಯ್ದ ಮಗು ಮಧ್ಯಾಹ್ನ ಕುಸಿದು ಕೂತರೆ ಅದರ ದೇಹ ತನ್ನ ಗಡಿಯಾರಕ್ಕೆ ನಿಷ್ಠವಾಗಿದೆ ಎಂದಷ್ಟೇ ಅರ್ಥ. ಅದೇ ಮಗು ನಡುರಾತ್ರಿ ಎರಡಕ್ಕೆ ಎದ್ದು ಕುಳಿತು ಹಸಿವು ಎನ್ನುತ್ತದೆ. ಊರಿನಲ್ಲಿ ಅದು ಊಟದ ಹೊತ್ತು ತಾನೆ!

ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳುತ್ತದೆ ಎಂಬುದು ರೂಢಿಯ ಲೆಕ್ಕ. ಆದ್ದರಿಂದ ಮೊದಲು ನಾಲ್ಕೈದು ದಿನ ಬಂಧುಗಳ ಮನೆಯಲ್ಲಿದ್ದು, ಪ್ರವಾಸದ ಎರಡನೆಯ ವಾರದಲ್ಲಿ ಪಾರ್ಕುಗಳನ್ನು ಇಟ್ಟುಕೊಳ್ಳುವುದು ಉತ್ತಮ. ಹಾಗೆ ಮಾಡಲು ಆಗದಿದ್ದರೆ, ತಲುಪಿದ ಮರುದಿನವನ್ನಾದರೂ ಖಾಲಿ ಬಿಡಬೇಕು. ಆ ದಿನ ಹಗಲು ಬೆಳಕಿನಲ್ಲಿ ಅಡ್ಡಾಡಿಸಿ, ರಾತ್ರಿ ಆದಷ್ಟೂ ಅಲ್ಲಿನ ಹೊತ್ತಿಗೇ ಮಲಗಿಸಿದರೆ ಮುಂದಿನ ದಿನಗಳು ಸುಲಭವಾಗುತ್ತವೆ.

ಹವೆಯನ್ನೂ ಗಮನಿಸಬೇಕು. ಈಸ್ಟರ್ ಹಬ್ಬದ ಆಸುಪಾಸಿನ ಜನಸಂದಣಿ ಕಳೆದು, ಮಳೆಗಾಲ ಇನ್ನೂ ಆರಂಭವಾಗದ ಮೇ ಮೊದಲ ಭಾಗ ಕರ್ನಾಟಕದ ಶಾಲಾ ಮಕ್ಕಳಿಗೆ ಅನುಕೂಲದ ಕಾಲ. ಜೂನ್ ಬಂತೆಂದರೆ ಫ್ಲಾರಿಡಾದಲ್ಲಿ ಸೆಕೆ ಹೆಚ್ಚು. ಮಧ್ಯಾಹ್ನದ ಮೇಲೆ ಗುಡುಗು ಮಿಂಚಿನ ಮಳೆ ಆಗಾಗ ಸುರಿಯುತ್ತದೆ. ಮಿಂಚಿನ ಸೂಚನೆ ಇದ್ದರೆ ಬಯಲಿನ ಆಟಗಳನ್ನು ನಿಲ್ಲಿಸಿಬಿಡುತ್ತಾರೆ.

ವಿಶ್ರಾಂತಿ ಯಾವುದು, ಯಾವುದಲ್ಲ

ಪಟ್ಟಿಯಲ್ಲಿ ‘ವಿಶ್ರಾಂತಿ’ ಎಂದು ಬರೆದ ಮಾತ್ರಕ್ಕೆ ವಿಶ್ರಾಂತಿ ಸಿಗದು. ‘ಹೇಗೂ ಆ ದಿನ ಕೆಲಸವಿಲ್ಲ’ ಎಂದು ಕೆನಡಿ ಅಂತರಿಕ್ಷ ಕೇಂದ್ರಕ್ಕೆ ಹೊರಡುವವರಿದ್ದಾರೆ. 1969ರಲ್ಲಿ ಚಂದ್ರನತ್ತ ಅಪೊಲೊ 11 ಹಾರಿದ ಜಾಗವದು. ವಿದ್ಯಾರ್ಥಿಗಳು ನೋಡಲೇಬೇಕಾದ ತಾಣ. ಆದರೆ ಆರ್ಲಾಂಡೊದಿಂದ ಸುಮಾರು ಒಂದು ಗಂಟೆಯ ಹಾದಿ, ಒಳಗೆ ಇಡೀ ದಿನದ ಸುತ್ತಾಟ. ಅದಕ್ಕೆ ಪ್ರತ್ಯೇಕ ದಿನ ಕೊಡಬೇಕು, ಬಿಡುವಿನ ದಿನವನ್ನು ಕದಿಯಬಾರದು. ಊರಿನವರಿಗೆ ಉಡುಗೊರೆ ಕೊಳ್ಳಲು ಮಾಲ್‌ನಿಂದ ಮಾಲ್‌ಗೆ ಅಲೆಯುವ ದಿನವೂ ವಿಶ್ರಾಂತಿಯ ದಿನವಲ್ಲ.

ನಿಜವಾದ ಬಿಡುವಿನ ದಿನ ಮನೆಯ ಭಾನುವಾರದಂತೆ ಇರುತ್ತದೆ. ಯಾರನ್ನೂ ಎಬ್ಬಿಸುವುದಿಲ್ಲ. ಸ್ನಾನ ತಡವಾದರೆ ಅವಸರವಿಲ್ಲ. ಕೋಣೆಯಲ್ಲಿ ಅಡುಗೆಗೆ ಅನುಕೂಲವಿದ್ದರೆ ಒಂದು ಅನ್ನ ಸಾರು ಅಥವಾ ಮೊಸರನ್ನ. ನಾಲ್ಕು ದಿನ ಕರಿದದ್ದು, ತಣ್ಣಗಿನದ್ದು ತಿಂದ ಹೊಟ್ಟೆಗೆ ಅದು ಔಷಧ. ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿರುವಾಗ ಮಕ್ಕಳು ಹೋಟೆಲಿನ ಈಜುಕೊಳದಲ್ಲಿ ಆಡಿಕೊಳ್ಳುತ್ತಾರೆ. ಮಧ್ಯಾಹ್ನ ಎಲ್ಲರಿಗೂ ನಿದ್ದೆ. ಸಂಜೆ ಮನಸ್ಸಿದ್ದರೆ ಒಂದೇ ಒಂದು ಸುತ್ತಾಟ: ಪ್ರವೇಶ ಶುಲ್ಕವಿಲ್ಲದ ಡಿಸ್ನಿ ಸ್ಪ್ರಿಂಗ್ಸ್ ಅಂಗಡಿ ಬೀದಿ, ಇಲ್ಲವೇ ನಗರದ ನಡುವಿನ ಇಯೋಲಾ ಕೆರೆಯ ದಂಡೆ. ಮನಸ್ಸಿಲ್ಲದಿದ್ದರೆ ಅದೂ ಬೇಡ.

ಎಲ್ಲಿ ಇಡಬೇಕು?

ಎಂಟು ದಿನದ ವಾಸವಿದ್ದರೆ ಹೀಗೆ ಹಂಚಬಹುದು. ಮೊದಲ ದಿನ ತಲುಪುವುದು. ಎರಡನೆಯ ದಿನ ಖಾಲಿ. ಮೂರು ಮತ್ತು ನಾಲ್ಕನೆಯ ದಿನ ಮ್ಯಾಜಿಕ್ ಕಿಂಗ್‌ಡಮ್, ಎಪ್‌ಕಾಟ್. ಐದನೆಯ ದಿನ ಮತ್ತೆ ಖಾಲಿ. ಆರು ಮತ್ತು ಏಳನೆಯ ದಿನ ಉಳಿದೆರಡು ಪಾರ್ಕು. ಎಂಟನೆಯ ದಿನ ಹೊರಡುವುದು. ಎರಡು ದಿನ ದುಡಿಮೆ, ಒಂದು ದಿನ ಬಿಡುವು ಎಂಬುದು ನೆನಪಿಡಲು ಸುಲಭವಾದ ಸೂತ್ರ. ತೀರ ಚಿಕ್ಕ ಮಕ್ಕಳೋ ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರೋ ಜೊತೆಗಿದ್ದರೆ ದಿನ ಬಿಟ್ಟು ದಿನ ಎಂದರೂ ಸರಿಯೇ.

ಡಿಸ್ನಿಯ ಸ್ವಂತ ಹೋಟೆಲುಗಳಲ್ಲಿ ತಂಗಿದವರನ್ನು ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಪಾರ್ಕಿನೊಳಗೆ ಬಿಡುತ್ತಾರೆ. ಆ ಹೊತ್ತಿನಲ್ಲಿ ಸಾಲು ಚಿಕ್ಕದು. ರಾತ್ರಿಯ ಬಾಣಬಿರುಸು ಕೂಡ ನೋಡತಕ್ಕದ್ದೇ. ಆದರೆ ಬೆಳಗಿನ ಬಾಗಿಲು, ರಾತ್ರಿಯ ಬಾಣಬಿರುಸು ಎರಡನ್ನೂ ಒಂದೇ ದಿನ ಹಿಡಿಯಲು ಹೋಗಬಾರದು. ಬೇಗ ಹೋದ ದಿನ ಬೇಗ ಮರಳಬೇಕು. ರಾತ್ರಿ ನಿಲ್ಲುವ ದಿನ ಮಧ್ಯಾಹ್ನದ ಮೇಲೆ ಹೋಗಬೇಕು.

ಹೋಟೆಲು ಹತ್ತಿರವಿದ್ದವರು ಮಧ್ಯಾಹ್ನ ಕೋಣೆಗೆ ಹೋಗಿ ಮಲಗೆದ್ದು ಬರಬಹುದು. ದೂರ ಉಳಿದವರಿಗೆ ಹೋಗಿ ಬರುವುದರಲ್ಲೇ ಹೊತ್ತು ಕಳೆಯುತ್ತದೆ. ಅಂಥವರು ಪಾರ್ಕಿನೊಳಗೇ ಹವಾನಿಯಂತ್ರಿತ ಸಭಾಂಗಣದ ಪ್ರದರ್ಶನಗಳನ್ನು ಮಧ್ಯಾಹ್ನಕ್ಕೆಂದು ಇಟ್ಟುಕೊಳ್ಳುವುದು ಜಾಣತನ. ಎಪ್‌ಕಾಟಿನ ಅಮೆರಿಕ ಮಂಟಪದಲ್ಲಿ ಆ ದೇಶದ ಚರಿತ್ರೆ ಹೇಳುವ ಸುಮಾರು ಅರ್ಧ ಗಂಟೆಯ ಪ್ರದರ್ಶನವಿದೆ. ದೊಡ್ಡ ಮಕ್ಕಳಿಗೆ ಪಾಠ, ಚಿಕ್ಕವರಿಗೆ ನಿದ್ದೆ, ಅಜ್ಜನ ಕಾಲಿಗೆ ಆರಾಮ.

ಮಕ್ಕಳದೂ ಒಂದು ಮಾತು

ಪಟ್ಟಿ ಬರೆಯುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಪ್ರತಿಯೊಬ್ಬರೂ ಒಂದೊಂದು ಪಾರ್ಕಿನಲ್ಲಿ ಬಿಡಲೇಬಾರದ ಮೂರು ಸಂಗತಿಗಳನ್ನು ಬರೆಯಲಿ. ಅವಷ್ಟು ಆದರೆ ದಿನ ಸಾರ್ಥಕ, ಉಳಿದದ್ದು ಲಾಭ. ಎತ್ತರದ ಮಿತಿಯನ್ನು ಮನೆಯಲ್ಲೇ ಅಳೆದು ನೋಡಬೇಕು. ಸ್ಪೇಸ್ ಮೌಂಟನ್ ಎಂಬ ಜನಪ್ರಿಯ ಆಟಕ್ಕೆ 112 ಸೆಂ.ಮೀ. ಎತ್ತರವಿರಬೇಕು. ಅಕ್ಕನಿಗೆ ಸಿಕ್ಕಿದ್ದು ತಮ್ಮನಿಗೆ ಸಿಗದೆ ಬಾಗಿಲಲ್ಲಿ ಕಣ್ಣೀರಾಗುವುದಕ್ಕಿಂತ, ಆ ಹೊತ್ತಿಗೆ ತಮ್ಮನಿಗೆ ಬೇರೇನು ಎಂದು ಮೊದಲೇ ಗೊತ್ತುಮಾಡುವುದು ಮೇಲು.

ಪ್ರೌಢಶಾಲೆಯ ಹುಡುಗ ಹುಡುಗಿಯರಿಗೆ ಬಿಡುವಿನ ದಿನವೆಂದರೆ ಬೇಸರ ಎನಿಸಬಹುದು. ಅವರಿಗೆ ಕಾರಣ ತಿಳಿಸಿ ಹೇಳಿದರೆ ಒಪ್ಪುತ್ತಾರೆ. ಕಂಡದ್ದು, ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ದೆ ಬೇಕು ಎಂಬುದು ವಿಜ್ಞಾನ ಸ್ಪಷ್ಟವಾಗಿ ಹೇಳಿರುವ ಸಂಗತಿ. ಎಡೆಬಿಡದೆ ನೋಡಿದ ನಾಲ್ಕು ಪಾರ್ಕುಗಳು ಮನಸ್ಸಿನಲ್ಲಿ ಕಲಸಿಹೋಗುತ್ತವೆ. ನಡುವೆ ಒಂದು ದಿನ ಕುಳಿತು ‘ನಿನಗೆ ಯಾವುದು ಇಷ್ಟವಾಯಿತು?’ ಎಂದು ಮಾತಾಡಿಕೊಂಡವು ಬೇರೆ ಬೇರೆಯಾಗಿ ಉಳಿಯುತ್ತವೆ. ಪರೀಕ್ಷೆಗೆ ಓದುವ ವೇಳಾಪಟ್ಟಿಗೂ ಇದೇ ಮಾತು ಸಲ್ಲುತ್ತದೆ. ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ಸಂದಿಲ್ಲದೆ ತುಂಬಿದ ವೇಳಾಪಟ್ಟಿ ಮೂರನೆಯ ದಿನಕ್ಕೇ ಮುರಿದುಬೀಳುವುದನ್ನು ಎಷ್ಟೋ ವಿದ್ಯಾರ್ಥಿಗಳು ಅನುಭವಿಸಿದ್ದಾರೆ.

ಕೊನೆಯದಾಗಿ, ಮರಳಿ ಬಂದ ಮೇಲಿನ ದಿನಗಳು. ಇಲ್ಲಿಂದ ಹೋದ ಮಕ್ಕಳ ದೇಹದ ಗಡಿಯಾರ ಊರಿಗೆ ಬಂದ ಮೇಲೆ ಮತ್ತೊಮ್ಮೆ ತಿರುಗಬೇಕು. ಭಾನುವಾರ ರಾತ್ರಿ ವಿಮಾನ ಇಳಿದು ಸೋಮವಾರ ಬೆಳಿಗ್ಗೆ ಹೊಸ ತರಗತಿಗೆ ಹೋದ ಮಗು ಮೊದಲ ಪಾಠದಲ್ಲೇ ತೂಕಡಿಸುತ್ತದೆ. ಶಾಲೆ ತೆರೆಯುವುದಕ್ಕೆ ನಾಲ್ಕು ದಿನ ಮೊದಲೇ ಮನೆ ಸೇರುವಂತೆ ಟಿಕೆಟ್ಟು ಮಾಡಿಸಬೇಕು. ಪಟ್ಟಿ ಮಾಡಲು ಕೂತಾಗ ಈ ದಿನಗಳನ್ನೂ ನಡುವಿನ ಬಿಡುವುಗಳನ್ನೂ ಮೊದಲು ಬರೆದು, ಆಮೇಲೆ ಪಾರ್ಕುಗಳ ಹೆಸರನ್ನು ತುಂಬಿದರೆ ಪ್ರವಾಸ ಎಲ್ಲರ ಮೈಗೂ ಹಿಡಿಸುತ್ತದೆ.